ಸಾಲಿನ ಕೊನೆಯ ಖಾಲಿ ಜಾಗ

ಭತ್ತ ಹಾಲುಗಟ್ಟಿದ ಮೇಲೆ ಚೇಕಾಡಿಯಲ್ಲಿ ಯಾರಿಗೂ ತಮ್ಮಿಷ್ಟದಂತೆ ಮಲಗುವ ಸ್ವಾತಂತ್ರ್ಯವಿಲ್ಲ. ಸುತ್ತ ಕಾಡು. ಹಂದಿ ಬರುತ್ತದೆ, ಜಿಂಕೆ ಬರುತ್ತದೆ, ಆನೆ ತನಗೆ ಮನಸ್ಸಾದಾಗ ಬರುತ್ತದೆ. ಅದಕ್ಕೆ ಗದ್ದೆಯಂಚಿನ ಮರಗಳ ಮೇಲೆ ಅಟ್ಟಣೆ ಕಟ್ಟಿ ಮನೆಗೊಬ್ಬರಂತೆ ಸರದಿಯಲ್ಲಿ ಕಾವಲು ಕೂರುತ್ತೇವೆ. ಯಾವ ದಿನ ಯಾವ ಅಟ್ಟಣೆಯಲ್ಲಿ ಯಾರು ಯಾರ ಜೊತೆ ಎಂಬುದನ್ನು ಹಿಂದೆಲ್ಲ ಪಾಡಶೇಖರ ಸಮಿತಿಯ ಸಭೆಯಲ್ಲಿ, ಎಂದರೆ ನಮ್ಮ ಬಯಲಿನ ಗದ್ದೆಯವರೆಲ್ಲ ಸೇರುವ ಸಭೆಯಲ್ಲಿ, ತೀರ್ಮಾನಿಸುತ್ತಿದ್ದರು. ಆ ಸಭೆಯ ಗಲಾಟೆಯನ್ನು ಗದ್ದೆಯ ಹತ್ತಿರ ಇಟ್ಟುಕೊಂಡಿದ್ದರೆ ಕಾವಲೇ ಬೇಕಾಗುತ್ತಿರಲಿಲ್ಲ.

ನನ್ನ ಹೆಂಡತಿ ಮದುವೆಯಾಗಿ ಬಂದ ವರ್ಷ ಅಂಥದೊಂದು ಸಭೆಯನ್ನು ಕೊನೆಯ ಬೆಂಚಿನಲ್ಲಿ ಕೂತು ನೋಡಿದಳು. ಮನೆಗೆ ಬರುವ ದಾರಿಯಲ್ಲಿ ಹೇಳಿದಳು:

"ಇದನ್ನ ಕಂಪ್ಯೂಟರಲ್ಲಿ ಮಾಡಿಬಿಡಬಹುದು ರೀ. ಒಂದು ಪ್ರೋಗ್ರಾಂ ಬರೀತೀನಿ."

"ಬರೆದರೆ ಹಂದಿ ಓದುತ್ತಾ?" ಎಂದೆ.

"ಹಂದಿ ಓದೋದು ಬೇಡ. ನಿಮ್ಮ ಸಮಿತಿ ಓದಿದ್ರೆ ಸಾಕು. ಅದೇ ಕಷ್ಟ."

ಅವಳು ಸರಗೂರು ಕಡೆಯವಳು. ಕಂಪ್ಯೂಟರ್ ಡಿಪ್ಲೊಮಾ ಓದಿದ್ದಳು. ಇಲ್ಲಿಗೆ ಬಂದ ಮೇಲೆ ಪುಲ್ಪಳ್ಳಿಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ನಾನು ಓದಿದ್ದು ಹತ್ತನೆಯವರೆಗೆ, ಅದೂ ಗಡಿಯಾಚೆಯ ನಮ್ಮೂರಿನ ಮಲಯಾಳ ಶಾಲೆಯಲ್ಲಿ. ನಮ್ಮ ಮನೆಯ ಮಾತು ಕನ್ನಡವೇ ಆದರೂ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಮದುವೆಯಾದ ಮೊದಲ ಮಳೆಗಾಲದಲ್ಲಿ, ಹೊರಗೆ ಹೋಗಲಾಗದ ಮಧ್ಯಾಹ್ನಗಳಲ್ಲಿ, ಅವಳು ನನಗೆ ಅಕ್ಷರ ಕಲಿಸಿದಳು. ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದರಿಂದ. ಅವಳು ಇದ್ದಿದ್ದರೆ ತಪ್ಪುಗಳನ್ನು ತಿದ್ದುತ್ತಿದ್ದಳು.

ಪ್ರೋಗ್ರಾಂ ಆಯಿತು. ಸಮಿತಿ ಒಪ್ಪಿಕೊಂಡಿತು. ವಾರಕ್ಕೊಮ್ಮೆ ಸರದಿಯನ್ನು ಪ್ರಿಂಟ್ ತೆಗೆದು ಚಾಯ ಅಂಗಡಿಯ ಗೋಡೆಗೆ ಅಂಟಿಸತೊಡಗಿದೆವು. ಗೋಡೆಯ ಜೊತೆ ಜಗಳವಾಡುವುದು ಕಷ್ಟವಾದ್ದರಿಂದ ಊರು ಸ್ವಲ್ಪ ತಣ್ಣಗಾಯಿತು.

ಆ ಪ್ರೋಗ್ರಾಂ ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು. ಅವ್ವ ಅದನ್ನು "ಸೊಸೆ ಪೆಟ್ಟಿಗೆ" ಎನ್ನುತ್ತಿದ್ದಳು. ಹೆಂಡತಿ ಪ್ರೋಗ್ರಾಮನ್ನು ಅದರೊಳಗೆ ಸುಮ್ಮನೆ ಇಟ್ಟಿರಲಿಲ್ಲ. ಎಸ್‌ವಿಎನ್ ಎಂಬ ಒಂದು ವ್ಯವಸ್ಥೆಯೊಳಗೆ ಇಟ್ಟಿದ್ದಳು. ಅದು ಏನು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

"ನಿಮ್ಮ ಗದ್ದೆಯಲ್ಲಿ ಈ ವರ್ಷ ಉತ್ತರೆ ಹೋದ ವರ್ಷದ ಸಾಲು ಹೋಯ್ತು, ಅಲ್ವಾ? ಇದರಲ್ಲಿ ಎಷ್ಟು ಸಲ ಉತ್ತರೂ ಹಳೆ ಸಾಲು ಕೆಳಗೆ ಹಾಗೇ ಇರುತ್ತೆ. ಬೇಕಾದಾಗ ತೆಗೆದು ನೋಡಬಹುದು. ಒಂದೇ ಷರತ್ತು. ಉಳೋ ಪ್ರತಿ ಸಲ, ಯಾಕೆ ಉತ್ತೆ ಅಂತ ಎರಡು ಮಾತು ಬರೀಬೇಕು."

ತನ್ನ ಹೊರತು ಮನೆಯಲ್ಲಿ ಇನ್ನೊಬ್ಬರಿಗೆ ಇದು ಗೊತ್ತಿರಬೇಕು ಎಂದು ಅವಳ ಹಟ. ಹೊಸ ಮನೆ ಸೇರಿಸುವುದು, ಫೋನ್ ನಂಬರ್ ಬದಲಾಯಿಸುವುದು, ಇಷ್ಟನ್ನು ನನಗೆ ಕಲಿಸಿದಳು. ಒಳಗೆ ಹೋಗಲು ಇಬ್ಬರಿಗೂ ಬೇರೆಬೇರೆ ಹೆಸರು ಬೇಕಿತ್ತು. ಅವ್ವ ನಮ್ಮನ್ನು ಕರೆಯುವ ಹಾಗೆಯೇ ತನಗೆ 'ಸೊಸೆ' ಎಂದೂ ನನಗೆ 'ಮಗ' ಎಂದೂ ಇಟ್ಟಳು. ಅವ್ವನಿಗೆ ಇದು ಗೊತ್ತಾದಾಗ, "ಅಲ್ಲೂ ನಾನೇ ಯಜಮಾನಿ ಅನ್ನು" ಎಂದು ಎಲೆಯಡಿಕೆ ಮೆಲ್ಲಿದಳು.

ನಾನು ಮಾತು ಕಡಿಮೆಯವನು. ಎದುರಿಗೆ ಹೇಳಬೇಕಾದ್ದು ಗಂಟಲಿಗೆ ಬರುವ ಹೊತ್ತಿಗೆ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ. ಎರಡು ಮಾತು ಬರೆಯಬೇಕೆಂಬ ಆ ಷರತ್ತು ನನಗೆ ಹಿಡಿಸಿಬಿಟ್ಟಿತು. ಆದರೆ ಒಂದು ತೊಡಕಿತ್ತು. ಪ್ರೋಗ್ರಾಮಿನಲ್ಲಿ ಏನೂ ಬದಲಾಗದೆ ಎಸ್‌ವಿಎನ್ ಮಾತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ದಿನವೂ ಬದಲಾಯಿಸಲು ನನ್ನ ಹತ್ತಿರ ಏನಿದೆ? ಊರಿನಲ್ಲಿ ದಿನಕ್ಕೊಂದು ಮನೆ ಹುಟ್ಟುವುದಿಲ್ಲ. ಅದಕ್ಕೆ ನಾನೇ ಒಂದು ದಾರಿ ಕಂಡುಕೊಂಡೆ. ಪ್ರೋಗ್ರಾಮಿನ ಮೊಟ್ಟಮೊದಲ ಸಾಲಿನಲ್ಲಿ 'ಚೇಕಾಡಿ ಕಾವಲು ಸರದಿ' ಎಂದು ಬರೆದಿತ್ತು. ಸಂಜೆ ಕೂತು ಆ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಒತ್ತುತ್ತಿದ್ದೆ. ಕಣ್ಣಿಗೆ ಕಾಣುವುದಿಲ್ಲ, ಸರದಿಗೆ ತೊಂದರೆಯಿಲ್ಲ, ಆದರೆ ಎಸ್‌ವಿಎನ್ ಪಾಲಿಗೆ ಅದೂ ಬದಲಾವಣೆಯೇ. ಆಮೇಲೆ ಬರೆಯುತ್ತಿದ್ದೆ: "ಅವರೆಕಾಳು ನೆನೆಹಾಕಿದ್ದೇನೆ."

ಮಾರನೆಯ ಬೆಳಿಗ್ಗೆ ಅವಳು ಆ ಜಾಗವನ್ನು ಅಳಿಸುತ್ತಿದ್ದಳು. ಅದೂ ಒಂದು ಬದಲಾವಣೆ. ಅದಕ್ಕೊಂದು ಮಾತು: "ನೋಡಿದೆ. ಅಷ್ಟೊಂದು ಯಾಕೆ, ಸಮಿತಿಗೆಲ್ಲ ಊಟವಾ? ಜಾಗ ತೆಗೆದಿದ್ದೇನೆ."

ಹೀಗೆ ನಡೆಯಿತು ವರ್ಷಗಟ್ಟಲೆ. ನಾನು ಜಾಗ ಹಾಕುವವನು, ಅವಳು ತೆಗೆಯುವವಳು. ಒಮ್ಮೆ ತುಂಬ ಧೈರ್ಯ ಮಾಡಿ, ನೆಂಟರ ಮನೆಯ ಮದುವೆಗೆ ಉಟ್ಟ ಸೀರೆಯಲ್ಲಿ ನೀನು ಚೆನ್ನಾಗಿ ಕಂಡೆ ಎಂದು ಬರೆದೆ. ಉತ್ತರ ಹೀಗಿತ್ತು: "ಪಕ್ಕದಲ್ಲೇ ಕೂತು ಬಸ್ಸಿನಲ್ಲಿ ಬಂದಿರಿ, ಆಗ ಹೇಳಬಹುದಿತ್ತು. ಇರಲಿ, ಇಲ್ಲಿ ಹೇಳಿದ್ದು ಅಳಿಸಿ ಹೋಗುವುದಿಲ್ಲ. ಜಾಗ ತೆಗೆದಿದ್ದೇನೆ."

ಅವ್ವನಿಗೆ ಇದು ಹುಚ್ಚಾಟ. "ಒಂದೇ ಒಲೆ, ಒಂದೇ ಮಂಚ. ಮಾತಾಡೋಕೆ ಪೆಟ್ಟಿಗೆ ಬೇಕಾ ನಿಮಗೆ?" ಎನ್ನುತ್ತಿದ್ದಳು.

ಹೆಂಡತಿಗೆ ಕಾಯಿಲೆ ಬಂದದ್ದು ಕರ್ಕಾಟಕ ತಿಂಗಳ ಜಡಿಮಳೆಯಲ್ಲಿ. ಮಾನಂದವಾಡಿಯ ಆಸ್ಪತ್ರೆಗೆ ಸೇರಿಸಿ, ಬಟ್ಟೆ ತೆಗೆದುಕೊಂಡು ಹೋಗಲು ನಾನು ಮನೆಗೆ ಬಂದೆ. ಬಸ್ಸಿಗೆ ಹೊತ್ತಿತ್ತು. ಕಂಪ್ಯೂಟರ್ ಹಾಕಿದೆ, ಸಾಲಿನ ಕೊನೆಗೆ ಜಾಗ ಒತ್ತಿದೆ, ಬರೆದೆ: "ನಿನ್ನ ಚಪ್ಪಲಿ ಒಲೆ ಹತ್ತಿರ ಇಟ್ಟಿದ್ದೇನೆ. ಒಣಗಿದೆ."

ಆ ಜಾಗವನ್ನು ತೆಗೆಯಲು ಅವಳು ಬರಲಿಲ್ಲ.

ಒಂದು ವರ್ಷ ನಾನು ಆ ಕಂಪ್ಯೂಟರನ್ನು ಸರದಿ ಪ್ರಿಂಟ್ ತೆಗೆಯಲು ಮಾತ್ರ ಹಾಕಿದೆ. ಬೇರೆ ಏನನ್ನೂ ತೆರೆಯಲಿಲ್ಲ. ಅವಳ ಮಾತುಗಳೆಲ್ಲ ಅದರೊಳಗಿವೆ ಎಂಬುದು ಗೊತ್ತಿದ್ದರೆ ಸಾಕಾಗಿತ್ತು. ಭತ್ತ ತುಂಬಿಟ್ಟ ಮರದ ಪತ್ತಾಯವನ್ನು ದಿನವೂ ತೆಗೆದು ನೋಡುತ್ತೇವೆಯೇ?

ಮುಂದಿನ ವರ್ಷ ಓಣಂ ಕಳೆದ ಮೇಲೆ ಅವಳ ಶಿಷ್ಯೆ ಬಂದಳು. ನಮ್ಮೂರಿನ ಆಚೆ ಕಾಡಿನಂಚಿನ ಹಾಡಿಯ ಹುಡುಗಿ. ಪುಲ್ಪಳ್ಳಿಯಲ್ಲಿ ನನ್ನ ಹೆಂಡತಿಯ ಹತ್ತಿರ ಕಲಿತು ಈಗ ಮಾನಂದವಾಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನನ್ನನ್ನು ಮಾವ ಎನ್ನುತ್ತಾಳೆ, ಅವ್ವನನ್ನು ಅಜ್ಜಿ ಎನ್ನುತ್ತಾಳೆ, ನನ್ನ ಹೆಂಡತಿಯನ್ನು ಮಾತ್ರ ಕೊನೆಯವರೆಗೂ ಟೀಚರ್ ಎಂದಳು.

"ಮಾವ, ಕಲ್ಲೂರಿನ ಸಮಿತಿಯವ್ರೂ ನಮ್ಮ ಸರದಿ ಪ್ರೋಗ್ರಾಂ ಕೇಳ್ತಾ ಅವ್ರೆ. ಇದನ್ನ ಎಸ್‌ವಿಎನ್‌ನಿಂದ ಗಿಟ್‌ಗೆ ಹಾಕ್ಬೇಕು."

"ಈಗಿರೋದಕ್ಕೆ ಏನಾಗಿದೆ?"

"ಎಲ್ಲಾ ಈ ಒಂದು ಪೆಟ್ಟಿಗೇಲಿ ಅದೆ. ಕಲ್ಲೂರಿನವ್ರು ಒಂದು ಹೆಸರು ಸೇರಿಸ್ಬೇಕಂದ್ರೂ ಈ ಪೆಟ್ಟಿಗೆ ಆನ್ ಇರ್ಬೇಕು, ಕರೆಂಟ್ ಇರ್ಬೇಕು, ನೀವು ಎದ್ದಿರ್ಬೇಕು."

"ನಾನು ಎದ್ದೇ ಇರ್ತೀನಿ."

"ಪೆಟ್ಟಿಗೆ ಇರ್ಬೇಕಲ್ಲ ಮಾವ. ಅದ್ರ ಸದ್ದು ಕೇಳಿ."

ಕೇಳಿದೆ. ಒನಕೆ ಸರಿಯಾಗಿ ಕೂರದ ಒರಳಿನ ಸದ್ದು.

ಗಿಟ್ ಎಂದರೆ ಏನು ಎಂದು ಅವಳು ವಿವರಿಸಿದಳು. ಎಸ್‌ವಿಎನ್‌ನಲ್ಲಿ ಊರಿಗೆಲ್ಲ ಒಂದೇ ಪತ್ತಾಯ, ಬೇಕಾದವರು ಅಲ್ಲಿಗೆ ಬಂದು ಅಳೆದುಕೊಂಡು ಹೋಗಬೇಕು. ಗಿಟ್‌ನಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಪೂರ್ತಿ ಪತ್ತಾಯ ಇರುತ್ತದೆ, ಮೊದಲಿಂದ ಕೊನೆಯ ಕಾಳಿನವರೆಗೆ.

ಒಳಗಿನಿಂದ ಅವ್ವ ಕೂಗಿದಳು, "ಎಲ್ರ ಮನೇಲೂ ಅದೇ ಭತ್ತವಾ ಕೂಸೆ? ಹಂಗಾದ್ರೆ ನಾವ್ಯಾಕೆ ಗದ್ದೆ ಮಾಡ್ಬೇಕು, ಕಲ್ಲೂರಿನವ್ರೇ ಮಾಡ್ಲಿ."

"ತಿನ್ನೋ ಭತ್ತ ಅಲ್ಲ ಅಜ್ಜಿ."

"ತಿನ್ನೋಕಾಗದ ಭತ್ತಕ್ಕೆ ಇಷ್ಟು ಮಾತಾ?"

ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಮೊದಲಿಂದ ಕೊನೆಯವರೆಗೆ ಎಂದರೆ ಅವರೆಕಾಳು, ಸೀರೆ, ಚಪ್ಪಲಿ ಎಲ್ಲವೂ ಕಲ್ಲೂರಿಗೆ ಹೋಗುತ್ತವೆ. ಕಲ್ಲೂರಿನ ಯಾರೋ ಒಬ್ಬ ಚಾಯ ಕುಡಿಯುತ್ತಾ, ಸೀರೆಯಲ್ಲಿ ಚೆನ್ನಾಗಿ ಕಂಡೆ ಎಂದು ಓದುತ್ತಾನೆ. ನನ್ನ ಕಿವಿ ಬಿಸಿಯಾಯಿತು.

"ಹಳೇ ಮಾತುಗಳು ಎಲ್ಲರಿಗೂ ಕಾಣುತ್ತಾ?"

ಅವಳಿಗೆ ಅರ್ಥವಾಯಿತು ಎಂದು ಕಾಣುತ್ತದೆ. "ಬೇಡ ಅಂದ್ರೆ ಈಗಿರೋ ಫೈಲ್ ಮಾತ್ರ ತಕ್ಕೊಂಡು ಹೊಸದಾಗಿ ಶುರು ಮಾಡ್ಬೋದು. ಹಿಂದಿನದು ಹೋಗಲ್ಲ. ಟೀಚರ್ ಮಾತೆಲ್ಲ ಸೇರಿ ಇನ್ನೊಂದು ಪ್ರತಿ ಮಾಡಿ ನಿಮಗೆ ಬೇರೆ ಕೊಡ್ತೀನಿ. ಅದಕ್ಕೆ ಎರಡು ಹೆಸರು ನೀವು ಹೇಳ್ಬೇಕು. ಹಳೇದ್ರಲ್ಲಿ ಸೊಸೆ, ಮಗ ಅಂತ ಇದ್ಯಲ್ಲ, ಅವ್ರು ಯಾರು, ಪೂರ್ತಿ ಹೆಸ್ರೇನು, ಇಮೇಲ್ ಏನು ಅಂತ ಗಿಟ್ ಕೇಳುತ್ತೆ. ಹೇಳ್ದೆ ಇದ್ರೆ ಮುಂದೆ ಹೋಗಲ್ಲ."

ಹೆಂಡತಿಯ ಹೆಸರನ್ನು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಅದನ್ನ ಆಮೇಲೆ ನೋಡೋಣ. ಈಗ ಹೊಸದು ಶುರು ಮಾಡು. ಹಳೇ ಮಾತು ನೀನೂ ಓದಬೇಡ," ಎಂದೆ.

"ಓದಲ್ಲ ಮಾವ. ಟೀಚರ್ ಮೇಲೆ ಆಣೆ."

ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು. ಓದಲಿಲ್ಲ. ಆಮೇಲೆ ಆದದ್ದೆಲ್ಲ ಅದರಿಂದಲೇ.

ಹಿಂದಿನದ್ದನ್ನು ಬಿಟ್ಟು ಈಗಿನ ಪ್ರೋಗ್ರಾಮನ್ನಷ್ಟೇ ಗಿಟ್‌ಗೆ ತೆಗೆದುಕೊಂಡು ಹೋದವಳು, ಕಲ್ಲೂರಿನವರಿಗೆ ಕೊಡುವ ಮೊದಲು ಅದನ್ನು ಒಪ್ಪ ಮಾಡಿದಳು. ಬೇಡದ ಸಾಲು ತೆಗೆದಳು. ಹನ್ನೊಂದನೆಯ ಮನೆ ಮತ್ತು ಹದಿನಾರನೆಯ ಮನೆ ಒಂದೇ ಅಟ್ಟಣೆಗೆ ಬಂದರೆ ಬೇರೆ ಮಾಡು ಎಂದು ಒಂದು ಕಡೆ ಬರೆದಿತ್ತಂತೆ. ಯಾಕೆ ಎಂದು ಅಲ್ಲಿರಲಿಲ್ಲ. ಯಾಕೆ ಎಂಬುದು ಇದ್ದದ್ದು ಹಳೆಯ ಮಾತುಗಳಲ್ಲಿ. ಅದನ್ನು ಓದುವುದಿಲ್ಲ ಎಂದು ಆಣೆ ಇಟ್ಟಾಗಿತ್ತು. ಹಳೆಯ ಕಾಲದ್ದೇನೋ, ಈಗ ಬೇಕಿಲ್ಲ ಎಂದು ತೆಗೆದುಹಾಕಿದಳು.

ಹನ್ನೊಂದನೆಯ ಮನೆಯವನೂ ಹದಿನಾರನೆಯ ಮನೆಯವನೂ ಭಾವ ಭಾಮೈದ. ಒಬ್ಬನ ತಂಗಿಯನ್ನು ಇನ್ನೊಬ್ಬನಿಗೆ ಕೊಟ್ಟಿದೆ. ಭತ್ತ ಹಾಲುಗಟ್ಟಿದ ವಾರ ಇಬ್ಬರೂ ಒಂದೇ ಅಟ್ಟಣೆಗೆ ಬಿದ್ದರು. ಅದು ನನ್ನ ಗಂಧಕಸಾಲೆ ಗದ್ದೆಯ ಪಕ್ಕದ ಅಟ್ಟಣೆ. ಹಬ್ಬದ ಪಾಯಸಕ್ಕೂ ನೆಂಟರ ಊಟಕ್ಕೂ ಅಂತ ಅವ್ವ ಹಟ ಮಾಡಿ ಹಾಕಿಸುವ ಆ ಪರಿಮಳದ ಭತ್ತವನ್ನು ಹಂದಿಗಳೂ ಪರಿಮಳ ನೋಡಿಯೇ ಆರಿಸಿಕೊಳ್ಳುತ್ತವೆ.

ಬೆಳಿಗ್ಗೆ ನಾನೂ ಅವ್ವನೂ ಬದುವಿನ ಮೇಲೆ ನಿಂತು ನೋಡಿದೆವು. ಗದ್ದೆಯ ಒಂದು ಮೂಲೆ ಉರುಳಾಡಿದ ಚಾಪೆಯ ಹಾಗಿತ್ತು. ಇಬ್ಬರೂ ಅಟ್ಟಣೆಯಿಂದ ನಿಧಾನವಾಗಿ ಇಳಿದರು.

"ಏನ್ರಪ್ಪಾ, ಹಂದಿ ಬಂದಾಗ ಎಲ್ಲಿದ್ರಿ?" ಅವ್ವ ಕೇಳಿದಳು.

"ಮೇಲೇ ಇದ್ವಿ ಅತ್ತೆ," ಎಂದ ಭಾವ.

"ಕಣ್ಣು ಎಲ್ಲಿತ್ತು?"

"ಅದೂ ಮೇಲೇ ಇತ್ತು."

"ಕೈ?"

ಭಾಮೈದನ ಅಂಗಿಯ ಜೇಬಿನಲ್ಲಿ ಇಸ್ಪೀಟಿನ ಕಟ್ಟು ಇಣುಕುತ್ತಿತ್ತು.

"ಸದ್ದು ಕೇಳಿಸ್ತು ಅತ್ತೆ," ಎಂದ ಅವನು ಪ್ರಾಮಾಣಿಕನಾಗಿ. "ಆದ್ರೆ ಇಳಿದ್ರೆ ಇವ್ನು ನನ್ನ ಎಲೆ ನೋಡ್ಬಿಡ್ತಾನೆ."

"ನೋಡಿದ್ರೇನು, ಸೋಲೋನು ನೀನೇ ಆಗಿದ್ದೆ," ಎಂದ ಭಾವ.

"ಸಾಕು," ಎಂದಳು ಅವ್ವ. "ಹಂದಿ ಗೆದ್ದೈತೆ. ಆಟ ಮುಗೀತು."

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಟೀಚರ್ ಇದ್ದಾಗ ಇವರಿಬ್ಬರು ಒಂದು ಸಲವೂ ಒಟ್ಟಿಗೆ ಬಿದ್ದಿರಲಿಲ್ಲ, ಈಗ ಹೇಗೆ ಬಿದ್ದರು ಎಂದು ಚಾಯ ಅಂಗಡಿಯಲ್ಲಿ ಮಾತಾಯಿತು. ಫೋನ್ ಹೋಗಿ ಆ ಹುಡುಗಿ ಮುಂದಿನ ಬಸ್ಸಿಗೆ ಬಂದಳು. ಆ ಸಾಲನ್ನು ತಾನೇ ತೆಗೆದೆ ಎಂದು ಜಗಲಿಯಲ್ಲಿ ನಿಂತೇ ಹೇಳಿದಳು. ಈಗ ಭಾವ ಭಾಮೈದರಿಗೆ ಬೇರೆಯದೇ ಸಿಟ್ಟು ಬಂತು.

"ಹಂಗಾದ್ರೆ ಇಷ್ಟು ವರ್ಷ ನಮ್ಮನ್ನ ಬೇಕಂತಲೇ ಬೇರೆ ಮಾಡಿದ್ರಾ ಟೀಚರ್?"

"ಯಾಕೆ ಅಂತ ಬರೆದಿಟ್ಟಿರ್ತಾಳೆ," ಎಂದೆ ನಾನು. "ಅವಳು ಬರೀದೆ ಏನೂ ಮಾಡ್ತಿರಲಿಲ್ಲ."

"ಹಂಗಾದ್ರೆ ಓದಿಸು. ನಮ್ಮ ಬಗ್ಗೆ ಬರೆದದ್ದು ನಮಗೆ ಗೊತ್ತಾಗ್ಬೇಕು."

ನ್ಯಾಯವಾದ ಮಾತು. ನಾನು ಒಳಗೆ ಹೋಗಿ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಒಂದು ಉಸಿರು ಬಂದ ಹಾಗಾಗಿ ನಿಂತುಹೋಯಿತು.

ಸರದಿ ಈಗ ಗಿಟ್‌ನಿಂದ ಬರುತ್ತಿದ್ದರಿಂದ ಓಣಂ ಆದ ಮೇಲೆ ನಾನು ಅದನ್ನು ಹಾಕಿರಲೇ ಇಲ್ಲ. ಅವಳ ಮಾತುಗಳೆಲ್ಲ ಅದರೊಳಗೆ ಮಾತ್ರ ಇದ್ದವು, ಬೇರೆಲ್ಲೂ ಇರಲಿಲ್ಲ. ಆಮೇಲೆ ನೋಡೋಣ ಎಂದು ನಾನು ಹೇಳಿದ್ದು ನೆನಪಾಯಿತು. ಕುರ್ಚಿಯಲ್ಲಿ ಕೂತುಬಿಟ್ಟೆ. ಜಗಲಿಯಲ್ಲಿದ್ದವರ ಮಾತು ದೂರದಿಂದ ಬಂದ ಹಾಗಿತ್ತು.

ಹುಡುಗಿ ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಫ್ಯಾನಿನ ರೆಕ್ಕೆಗೆ ಅಂಟಿಕೊಂಡು ಕಣಜದ ಹುಳುವೊಂದು ಮಣ್ಣಿನ ಗೂಡು ಕಟ್ಟಿತ್ತು. ಚೊಕ್ಕವಾದ ಗೂಡು. ಫ್ಯಾನು ತಿರುಗಲಾಗದೆ ಪೆಟ್ಟಿಗೆ ತಾನೇ ನಿಲ್ಲುತ್ತಿತ್ತು.

"ನಮ್ಮ ಮನೆ ಬಾಗಿಲು ಮೂಲೇಲಿ ಕಟ್ಟಿದ್ರೂ ನಾನು ತೆಗೆಯಲ್ಲ," ಎಂದಳು ಅವ್ವ, ಪೊರಕೆ ಕಡ್ಡಿ ಹಿಡಿದು ಬಂದು. "ಆದ್ರೆ ಸೊಸೆ ಪೆಟ್ಟಿಗೇಲಿ ಇದಕ್ಕೇನು ಕೆಲ್ಸ? ಇದೂ ಕಂಪ್ಯೂಟರ್ ಕಲೀತದಾ?" ಎಂದು ಗೂಡನ್ನು ಒಂದೇ ಏಟಿಗೆ ಮೀಟಿ ತೆಗೆದಳು. ಹುಡುಗಿ ಅಯ್ಯೋ ಅಜ್ಜಿ ಮೆಲ್ಲಗೆ ಎನ್ನುವಷ್ಟರಲ್ಲಿ ಮುಗಿದಿತ್ತು.

ನಾನು ಮತ್ತೆ ಗುಂಡಿ ಒತ್ತಿದೆ. ಫ್ಯಾನು ಮಣ್ಣು ಉದುರಿಸುತ್ತಾ ತಿರುಗಿತು. ಪರದೆ ಬೆಳಗಿತು. ಅವ್ವ ಪೊರಕೆ ಕಡ್ಡಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಡಾಕ್ಟರ ಹಾಗೆ ಹೊರಗೆ ಹೋದಳು.

"ಮೊದಲು ಎಲ್ಲವನ್ನೂ ದಾಟಿಸು," ಎಂದೆ ಹುಡುಗಿಗೆ. "ಓದೋದು ಆಮೇಲೆ. ಮೊದಲಿಂದ ಕೊನೆವರೆಗೆ ಎಲ್ಲವೂ ಬರಲಿ."

"ಎಲ್ಲವೂನಾ ಮಾವ?"

"ಎಲ್ಲವೂ."

ಅವಳು ತನ್ನ ಲ್ಯಾಪ್‌ಟಾಪಿಗೆ ತಂತಿ ಸೇರಿಸಿ ಏನೋ ಟೈಪು ಮಾಡಿದಳು. ಹಳೆಯ ಬದಲಾವಣೆಗಳು ಮೊದಲನೆಯದರಿಂದ ಒಂದೊಂದಾಗಿ ಈಚೆಗೆ ಬರತೊಡಗುವ ಮೊದಲೇ ಪರದೆ ನಿಂತಿತು. 'ಸೊಸೆ' ಎಂಬವರು ಯಾರೆಂದು ತಿಳಿಯದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು. "ಇದನ್ನ ನೀವೇ ಬರೀರಿ ಮಾವ."

ಹೆಂಡತಿಯ ಪೂರ್ತಿ ಹೆಸರನ್ನು ಬರೆದೆ. ಅವಳು ಕಲಿಸಿದ ಅಕ್ಷರದಲ್ಲಿ ಅವಳ ಹೆಸರನ್ನು ನಾನು ಅದುವರೆಗೆ ಬರೆದೇ ಇರಲಿಲ್ಲ. ಮನೆಯಲ್ಲೇ ಇದ್ದವಳ ಹೆಸರನ್ನು ಬರೆಯುವ ಸಂದರ್ಭ ಎಲ್ಲಿ ಬರುತ್ತದೆ? ಒತ್ತಕ್ಷರ ಸರಿಯಾಗಿ ಬಿತ್ತೇ ಎಂದು ಎರಡು ಸಲ ನೋಡಿದೆ.

"ಇಮೇಲ್ ಅದೇ ಹಳೇದು ಇರೋದು. ಈಗ ಅದನ್ನ ಯಾರೂ ತೆಗೆಯಲ್ಲ. ನಡೆಯುತ್ತಾ?"

"ನಡೆಯುತ್ತೆ. ಅದು ಕಾಗದ ಕಳಿಸೋಕಲ್ಲ ಮಾವ. ಈ ಮಾತು ಯಾರದು ಅಂತ ಹೇಳೋಕೆ ಅಷ್ಟೇ."

'ಮಗ' ಎಂಬುದಕ್ಕೆ ನನ್ನ ಹೆಸರನ್ನೂ ಬರೆದೆ. ಸಾಲುಗಳು ಹರಿಯತೊಡಗಿದವು. ಕರಿಯ ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡದೆ ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ, ಸಂತೆಯಲ್ಲಿ ತಪ್ಪಿಸಿಕೊಂಡವರ ಹಾಗೆ ನಿಂತಿದ್ದವು. ಆದರೂ ಅವಳದು ಯಾವುದು, ನನ್ನದು ಯಾವುದು ಎಂದು ನನಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅವಳದು ಯಾವಾಗಲೂ ಉದ್ದ. ನಡುವೆ ಒಮ್ಮೆ ಕರೆಂಟು ಹೋದೀತು ಎಂದು ಹೆದರಿಕೆಯಾಯಿತು. ಹೋಗಲಿಲ್ಲ. ಚಾಯ ಕಾಯಿಸಿ ಎಲ್ಲರಿಗೂ ಕೊಟ್ಟೆ. ಜಗಲಿಯಲ್ಲಿ ಭಾವ ಭಾಮೈದರು ಒಟ್ಟಿಗೆ ಕೂತು ಕಾಯುತ್ತಿದ್ದರು. ಅವರ ನಡುವೆ ಆಗಲೇ ಎಲೆ ಹಂಚಿತ್ತು.

ಮುಗಿದ ಮೇಲೆ ಹುಡುಗಿ ಲ್ಯಾಪ್‌ಟಾಪನ್ನು ಜಗಲಿಗೆ ತಂದಳು. ಆ ಇಬ್ಬರಿಗೂ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಅವಳೇ ಹುಡುಕಿ ಗಟ್ಟಿಯಾಗಿ ಓದಿದಳು:

"ಹನ್ನೊಂದು ಮತ್ತು ಹದಿನಾರನೆಯ ಮನೆಯವರನ್ನು ಒಂದೇ ಅಟ್ಟಣೆಗೆ ಹಾಕಬಾರದು. ಬೇರೆಬೇರೆ ಕೂತರೆ ಇಬ್ಬರೂ ಊರಿನಲ್ಲೇ ಒಳ್ಳೆಯ ಕಾವಲುಗಾರರು. ಒಟ್ಟಿಗೆ ಕೂತರೆ ಇಸ್ಪೀಟು. ಸಭೆಯಲ್ಲಿ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಅದಕ್ಕೆ ಸುಮ್ಮನೆ ಇಲ್ಲಿ ಬೇರೆ ಮಾಡಿದ್ದೇನೆ. ನಿನ್ನೆ ನೀವು ಮಾಡಿದ ಸಾರಿಗೆ ಉಪ್ಪು ಜಾಸ್ತಿ. ಜಾಗ ತೆಗೆದಿದ್ದೇನೆ."

ಅವಳು ನಡುವೆ ನಿಲ್ಲಿಸದೆ ಪೂರ್ತಿ ಓದಿಬಿಟ್ಟಿದ್ದಳು. ಓದಿದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ಊರಲ್ಲೇ ಒಳ್ಳೇ ಕಾವಲುಗಾರ ಅಂತ ಬರೆದವ್ರೆ, ಕೇಳಿದ್ಯಾ?" ಎಂದ ಭಾವ, ಭಾಮೈದನನ್ನು ತಿವಿದು.

"ಬೇರೆಬೇರೆ ಕೂತ್ರೆ ಅಂತಾನೂ ಬರೆದವ್ರೆ."

"ಅಂದ್ರೆ ನೀನು ಜೊತೇಲಿ ಇಲ್ದೆ ಇದ್ರೆ ಅಂತ ಅರ್ಥ."

ಆಮೇಲೆ ಭಾಮೈದ ನನ್ನ ಕಡೆ ತಿರುಗಿದ. ಮುಖದಲ್ಲಿ ನಗೆ ಇರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು ಅವನಿಗೆ. "ಸಾರಿಗೆ ಉಪ್ಪು ಜಾಸ್ತಿ ಆಗಿತ್ತಾ?"

"ಸ್ವಲ್ಪ," ಎಂದೆ.

"ಸ್ವಲ್ಪವಾ?" ಒಳಗಿನಿಂದ ಅವ್ವ. "ಅವತ್ತು ನಾನು ಮೂರು ಚೊಂಬು ನೀರು ಕುಡಿದೆ."

ನಗು ಬಂತು. ಅವರಿಗೂ ಬಂತು, ನನಗೂ ಬಂತು.

"ಜಾಗ ತೆಗೆದಿದ್ದೇನೆ ಅಂದ್ರೆ ಏನು?" ಭಾವ ಕೇಳಿದ. "ಯಾವ ಜಾಗ? ಸೆಂಟ್ ಲೆಕ್ಕದ ಜಾಗವಾ?"

ಅದು ಅಂಥ ಜಾಗವಲ್ಲ ಎಂದು ಹೇಳ ಹೊರಟವನು ಎಲ್ಲವನ್ನೂ ಹೇಳಿದೆ. ಸಂಜೆ ನಾನು ಹಾಕುತ್ತಿದ್ದುದು, ಬೆಳಿಗ್ಗೆ ಅವಳು ತೆಗೆಯುತ್ತಿದ್ದುದು, ಅವರೆಕಾಳು, ಸೀರೆ. ಚಪ್ಪಲಿಯ ಮಾತನ್ನೂ ಹೇಳಿದೆ. ಅವಳು ಹೋದ ಮೇಲೆ ನಾನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಭಾಮೈದ ಇಸ್ಪೀಟಿನ ಎಲೆಗಳನ್ನು ಒಟ್ಟು ಮಾಡಿ ಕಟ್ಟಿ ಜೇಬಿಗೆ ಹಾಕಿಕೊಂಡ. ಹೋಗುವಾಗ, "ಅಟ್ಟಣೇಲಿ ನಾನು ಬೇರೆ ಕೂರ್ತೀನಿ. ಟೀಚರ್ ಹೇಳಿದ ಮೇಲೆ ಮುಗೀತು," ಎಂದ.

ಅವರು ಹೋದ ಮೇಲೆ ಹುಡುಗಿ ಕೇಳಿದಳು. "ಕಲ್ಲೂರಿನವ್ರಿಗೆ ಈಗ ಯಾವುದನ್ನ ಕೊಡ್ಲಿ ಮಾವ? ಹಿಂದಿನದು ಇಲ್ದೆ ಇರೋದಾ, ಇದಾ?"

"ಇದನ್ನೇ ಕೊಡು. ಅವರ ಊರಲ್ಲೂ ಭಾವ ಭಾಮೈದರು ಇರ್ತಾರೆ."

"ಸೀರೆ ಮಾತೂ ಹೋಗುತ್ತೆ."

"ಹೋಗಲಿ. ಚೆನ್ನಾಗಿ ಕಂಡಿದ್ದು ನಿಜ."

ಅವಳು ತಾನು ಮಾಡಿದ ಒಳ್ಳೆಯ ಬದಲಾವಣೆಗಳನ್ನೆಲ್ಲ ಈ ಪೂರ್ತಿ ಪ್ರತಿಯ ಮೇಲೆ ತರುತ್ತಾ ಒಂದು ಕಡೆ ನಿಂತಳು. ಪರದೆಯಲ್ಲಿ ನಾನು ಮಾಡಿದ ಕೊನೆಯ ಬದಲಾವಣೆ ತೆರೆದಿತ್ತು. 'ಚೇಕಾಡಿ ಕಾವಲು ಸರದಿ' ಎಂಬ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಕೆಂಪು ಚೌಕ. ಸಾಲಿನ ಕೊನೆಗೆ ಯಾರಾದರೂ ಬೇಡದ ಜಾಗ ಬಿಟ್ಟರೆ ಗಿಟ್ ಅದನ್ನು ಕೆಂಪಾಗಿ ತೋರಿಸುತ್ತದಂತೆ. ಎಸ್‌ವಿಎನ್‌ನಲ್ಲಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಜಾಗ ಈಗ ಕುಂಕುಮ ಇಟ್ಟ ಹಾಗೆ ಕಾಣುತ್ತಿತ್ತು.

"ನಾನು ಒಪ್ಪ ಮಾಡಿದ್ನಲ್ಲ, ಅದ್ರಲ್ಲಿ ಇದು ತನ್ನಷ್ಟಕ್ಕೇ ಹೋಗಿತ್ತು ಮಾವ," ಎಂದಳು ಮೆಲ್ಲಗೆ. "ನನಗೆ ಗೊತ್ತೇ ಆಗಿರ್ಲಿಲ್ಲ."

ಆ ಪ್ರತಿಯಲ್ಲಿ ಜಾಗ ಹೋಗಿತ್ತು, ತೆಗೆದಿದ್ದೇನೆ ಎಂಬ ಮಾತು ಇರಲಿಲ್ಲ.

"ಇದ್ರಲ್ಲೂ ತೆಗೀಲಾ?"

"ಬೇಡ. ಆ ಸಾಲು ಮುಟ್ಟಬೇಡ. ಬೇರೆಲ್ಲಾ ಮಾಡು."

ಅವಳು ಹಾಗೇ ಮಾಡಿದಳು. ಹನ್ನೊಂದು, ಹದಿನಾರು ಬೇರೆಬೇರೆಯಾದರು. ಹೊರಡುವ ಮೊದಲು ಹೊಸ ಕಂಪ್ಯೂಟರೊಂದನ್ನು ಅಂಗಡಿಯಿಂದ ತರುವವರೆಗೆ ಇರಲಿ ಎಂದು ತನ್ನ ಲ್ಯಾಪ್‌ಟಾಪನ್ನೇ ಬಿಟ್ಟುಹೋದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ ಹೇಳಿದಳು:

"ಮಾವ, ಒಂದು ಮಾತು. ಗಿಟ್‌ನಲ್ಲಿ ಏನೂ ಬದಲಾಯಿಸ್ದೇನೂ ಮಾತು ಬರೀಬೋದು. ಖಾಲಿ ಬದಲಾವಣೆ ಅಂತ ಒಪ್ಪಿಕೊಳ್ಳುತ್ತೆ. ಹೇಗೆ ಅಂತ ಚೀಟಿ ಅಂಟಿಸಿದ್ದೀನಿ. ಜಾಗ ಹಾಕ್ಬೇಕು ಅಂತಿಲ್ಲ."

ಸುಗ್ಗಿ ಮುಗಿಯಿತು. ಗಂಧಕಸಾಲೆ ಹಂದಿ ಬಿಟ್ಟಷ್ಟು ಬಂತು, ಪಾಯಸಕ್ಕೆ ಸಾಕಾಯಿತು. ಕಲ್ಲೂರಿನವರು ಪ್ರೋಗ್ರಾಮನ್ನು ಅವರ ಮನೆಗಳಿಗೆ ಹೊಂದಿಸಿಕೊಂಡರು. ಅಲ್ಲಿ ಯಾರೋ ಕನ್ನಡ ಓದುವವರೂ ಇದ್ದಾರೆ ಎಂದು ಕಾಣುತ್ತದೆ. ಬತ್ತೇರಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬರು ಹತ್ತಿರ ಬಂದು, "ಚೇಕಾಡಿಯವರಲ್ವಾ? ಈಗ ಉಪ್ಪು ಹೇಗೆ?" ಎಂದು ಕೇಳಿದರು. ಹದ ಬಂದಿದೆ ಎಂದೆ. ಒಳ್ಳೆಯದು ಎಂದು ಬಸ್ ಹತ್ತಿದರು.

ಆ ಹುಡುಗಿ ಹೋದ ಸಂಜೆಯ ಮಾತು ಹೇಳುವುದು ಬಾಕಿ ಇದೆ. ಲ್ಯಾಪ್‌ಟಾಪಿನ ಮುಂದೆ ಕೂತೆ. ಅಭ್ಯಾಸದಂತೆ ಬೆರಳು ಮೊದಲ ಸಾಲಿನ ಕೊನೆಗೆ ಹೋಯಿತು. ಅಲ್ಲಿ ಆಗಲೇ ಒಂದು ಜಾಗ ಇತ್ತು. ಇನ್ನೊಂದನ್ನು ಹಾಕಿದರೆ ತೆಗೆಯುವವಳಿಗೆ ಕೆಲಸ ಹೆಚ್ಚು. ಇದ್ದದ್ದನ್ನು ನಾನೇ ತೆಗೆದರೆ, ಅದು ನನ್ನ ಕೆಲಸವಲ್ಲ. ಸಾಲನ್ನು ಹಾಗೇ ಬಿಟ್ಟು ಚೀಟಿಯಲ್ಲಿ ಬರೆದಿದ್ದ ಹಾಗೆ ಟೈಪು ಮಾಡಿದೆ. ಏನು ಹೇಳುವುದು ಎಂದು ಯೋಚಿಸುತ್ತಾ ಕೂತೆ.

"ಮಗಾ," ಅಂಗಳದಿಂದ ಅವ್ವ ಕೂಗಿದಳು, "ಕತ್ತಲಾಗ್ತಾ ಬಂತು. ಕೋಳಿ ಗೂಡು ಮುಚ್ಚಿದ್ಯಾ? ಇಲ್ಲಾ ಅದನ್ನೂ ಪೆಟ್ಟಿಗೇಲಿ ಬರೀತಾ ಕೂತ್ಯಾ?"

"ಕೋಳಿ ಗೂಡು ಮುಚ್ಚಲು ಹೋಗುತ್ತಿದ್ದೇನೆ," ಎಂದು ಬರೆದೆ. ಗಿಟ್ ಒಪ್ಪಿಕೊಂಡಿತು. ಎದ್ದು ಹೋದೆ.